ಗೇಮಿಂಗ್ ಪಿಸಿಗೆ 65 ಸಾವಿರ ಉಂಟು, ಮುಂದೆ ಅಪ್‌ಗ್ರೇಡ್ ಆಗಬೇಕು: ಯಾವ ಪಾರ್ಟ್‌ಗೆ ಜಾಸ್ತಿ ದುಡ್ಡು ಹಾಕಲಿ?

ಪೆರ್ಲದ ಪ್ಲೇಯರ್:
ಎಲ್ಲರಿಗೂ ನಮಸ್ಕಾರ. ಡಿಗ್ರಿ ಓದುತ್ತಾ ಇದ್ದೇನೆ. ಮನೆಯಲ್ಲಿರುವುದು ಹಳೆಯ ಆಫೀಸ್ ಡೆಸ್ಕ್‌ಟಾಪ್, ಐ5 ನಾಲ್ಕನೇ ಜನರೇಷನ್, ಡಿಡಿಆರ್3 ರ್‍ಯಾಮ್. ಅದಕ್ಕೆ ಇನ್ನು ದುಡ್ಡು ಹಾಕಿ ಪ್ರಯೋಜನ ಇಲ್ಲ, ಹೊಸದೇ ಕಟ್ಟಬೇಕು. ಕೈಯಲ್ಲಿ 65 ಸಾವಿರ ಉಂಟು. ಈ ವರ್ಷ ಅದಕ್ಕಿಂತ ಮೇಲೆ ಹೋಗುವುದು ಕಷ್ಟ, ಆದರೆ ಮುಂದಿನ ವರ್ಷ ಒಂದೊಂದೇ ಪಾರ್ಟ್ ಸೇರಿಸಬಹುದು. ಮಾನಿಟರ್ (1080ಪಿ), ಕೀಬೋರ್ಡ್, ಮೌಸ್ ಎಲ್ಲ ಉಂಟು. ಜಾಸ್ತಿ ಆಡುವುದು ವ್ಯಾಲರಂಟ್, ರಾತ್ರಿ ಫ್ರೆಂಡ್ಸ್ ಜೊತೆ. ಎಲ್ಡೆನ್ ರಿಂಗ್ ಆಡಬೇಕು ಅಂತ ತುಂಬ ಆಸೆ.

ಪೇಟೆಯ ಒಂದು ಅಂಗಡಿಯಲ್ಲಿ "ಐ7, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್" ಇರುವ ಗೇಮಿಂಗ್ ಪಿಸಿಯನ್ನು ಅರ್ಧ ದುಡ್ಡಿಗೆ ಕೊಡುತ್ತೇನೆ ಅಂದರು. ತೆಗೆದುಕೊಳ್ಳಬಹುದಾ? ಇಲ್ಲ ಅಂದರೆ ಯಾವ ಪ್ರೊಸೆಸರ್, ಯಾವ ಬೋರ್ಡ್? ಅಣ್ಣಂದಿರು ಸ್ವಲ್ಪ ಹೇಳಿ. ಇಲ್ಲಿ ಕರೆಂಟಿನ ಅವಸ್ಥೆ ನಿಮಗೆ ಗೊತ್ತೇ ಉಂಟಲ್ವಾ, ಅದಕ್ಕೆ ಎಂತ ಮಾಡಬೇಕು ಅಂತಲೂ ಬೇಕು.

ಕುಂಬಳೆ ಕೋರ್:
ತಮ್ಮಾ, ಆ ಅಂಗಡಿಯ ಪಿಸಿ ಬೇಡ. ಮೊದಲು ಕೇಳು, ಐ7 ಎಷ್ಟನೇ ಜನರೇಷನ್ ಅಂತ. ಈ ರೇಟಿಗೆ ಸಿಗುವುದು ಹೆಚ್ಚಾಗಿ ಐ7 3770, ಅದು 2012ರ ಪ್ರೊಸೆಸರ್. 4 ಜಿಬಿ ಗ್ರಾಫಿಕ್ಸ್ ಅಂದರೆ ಹೆಚ್ಚಾಗಿ ಜಿಟಿ 730 ಕಾರ್ಡ್ ಇರುತ್ತದೆ, 2014ರದ್ದು. ಕಾರ್ಡಿನಲ್ಲಿ ಎಷ್ಟು ಜಿಬಿ ಉಂಟು ಅನ್ನುವುದಕ್ಕಿಂತ ಅದು ಯಾವ ಚಿಪ್ ಅನ್ನುವುದು ಮುಖ್ಯ. ಇನ್ನೊಂದು ವಿಷಯ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಅಥವಾ ಅದರ ನಂತರದ್ದು ಬೇಕು. ವ್ಯಾಲರಂಟ್ ಅಂತೂ ವಿಂಡೋಸ್ 11ರಲ್ಲಿ ಟಿಪಿಎಮ್ 2.0, ಸೆಕ್ಯೂರ್ ಬೂಟ್ ಅನ್ನುವ ಎರಡು ಸುರಕ್ಷತಾ ವ್ಯವಸ್ಥೆ ಇಲ್ಲದೆ ಓಡುವುದೇ ಇಲ್ಲ. ನೀನು ದಿನಾ ಆಡುವ ಆಟವೇ ನಡೆಯದಿದ್ದರೆ ಅರ್ಧ ರೇಟು ಅಂತ ಕೊಂಡು ಎಂತ ಮಾಡುವುದು?

ಉಪ್ಪಳ 1080ಪಿ:
ಅಪ್‌ಗ್ರೇಡ್ ಆಗಬೇಕು ಅಂದರೆ ಬೋರ್ಡಿನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ನೋಡಿ ತೆಗೆದುಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ. ಎಎಮ್‌ಡಿಯ ಎಎಮ್4 ಸಾಕೆಟಿನ ಬೋರ್ಡನ್ನು 2017ರಲ್ಲಿ ಕೊಂಡವರು ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡಿಗೆ ಹಾಕಿದರು. ಅಷ್ಟು ವರ್ಷ ಬೋರ್ಡ್ ಬದಲಿಸುವ ಕೆಲಸವೇ ಇರಲಿಲ್ಲ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12ನೇ ಜನರೇಷನ್ನಿಗೆ ಬಂದು 14ಕ್ಕೆ ಮುಗಿಯಿತು, 2024ರಲ್ಲಿ ಸಾಕೆಟ್ ಬೇರೆಯೇ ಆಯಿತು. ಎಎಮ್‌ಡಿಯ ಹೊಸ ಸಾಕೆಟ್ ಎಎಮ್5 ಬಂದದ್ದು 2022ರಲ್ಲಿ, 2027ರವರೆಗಾದರೂ ಸಪೋರ್ಟ್ ಉಂಟು ಅಂತ ಎಎಮ್‌ಡಿಯವರೇ ಹೇಳಿದ್ದಾರೆ.

ಹಾಗಾಗಿ ನನ್ನ ಮಟ್ಟಿಗೆ ಎಎಮ್5ರ ರೈಜೆನ್ 5 7600 ಪ್ರೊಸೆಸರ್, ಬಿ650 ಬೋರ್ಡ್. 7600 ಆರು ಕೋರಿನದ್ದು, 65 ವ್ಯಾಟ್, ಡಬ್ಬಿಯಲ್ಲೇ ಕೂಲರ್ ಬರುತ್ತದೆ. ಎ620 ಬೋರ್ಡ್ ಕಡಿಮೆಗೆ ಸಿಗುತ್ತದೆ ಅಂತ ಅದಕ್ಕೆ ಹೋಗಬೇಡಿ. ಅಗ್ಗದ ಎ620ಗಳಲ್ಲಿ ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗವೇ ಸಣ್ಣದು, ನಾಳೆ ಎಂಟು ಕೋರಿನದ್ದು, ಹನ್ನೆರಡು ಕೋರಿನದ್ದು ಹಾಕುವಾಗ ಅಲ್ಲೇ ಸಿಕ್ಕಿಬೀಳುತ್ತೀರಿ.

ಈಗ ಕಷ್ಟ ಇರುವುದು ರ್‍ಯಾಮಿನಲ್ಲಿ. ಎಐ ಡೇಟಾ ಸೆಂಟರುಗಳಿಗೆ ಮೆಮರಿ ಚಿಪ್ ಹೋಗುತ್ತಾ ಇರುವುದರಿಂದ 2025ರ ಕೊನೆಯಿಂದ ರೇಟು ವಿಪರೀತ ಏರಿದೆ, ಎಸ್‌ಎಸ್‌ಡಿಗೂ ಅದೇ ಬಿಸಿ. ಎಎಮ್5 ಬೋರ್ಡಿಗೆ ಡಿಡಿಆರ್5 ಬಿಟ್ಟು ಬೇರೆ ಕೂರುವುದಿಲ್ಲ. ಇದನ್ನೆಲ್ಲ ಕೂಡಿಸಿದರೆ 65 ಸಾವಿರದಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಉಳಿಯುವುದು ಕಷ್ಟ. ಆದರೆ 7600ರೊಳಗೇ ಸಣ್ಣ ಗ್ರಾಫಿಕ್ಸ್ ಉಂಟು, ವ್ಯಾಲರಂಟ್ ಲೋ ಸೆಟ್ಟಿಂಗಿನಲ್ಲಿ ಆಡಬಹುದು. ಕಾರ್ಡ್ ಮುಂದಿನ ವರ್ಷ ಹಾಕಿ. 7500ಎಫ್ ಸ್ವಲ್ಪ ಕಡಿಮೆ ಅಂತ ಅದನ್ನು ತರಬೇಡಿ ಮತ್ತೆ, ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಸ್ಕ್ರೀನಿನಲ್ಲಿ ಏನೂ ಬರುವುದಿಲ್ಲ.

ಮಂಜೇಶ್ವರ ಮೋಡ್:
ನನಗೆ ಇದು ಸರಿ ಕಾಣುವುದಿಲ್ಲ. ಗೇಮಿಂಗ್ ಪಿಸಿ ಅಂತ 65 ಸಾವಿರ ಹಾಕಿ, ಒಂದು ವರ್ಷ ಲೋ ಸೆಟ್ಟಿಂಗಿನಲ್ಲಿ ಕೂರುವುದಾ? ಅವನಿಗೆ ಎಲ್ಡೆನ್ ರಿಂಗ್ ಆಡಬೇಕು ಅಂತ ಉಂಟು, ಅದು ಆ ಸಣ್ಣ ಗ್ರಾಫಿಕ್ಸಿನಲ್ಲಿ ಆಗುವ ಮಾತಲ್ಲ. ಎಎಮ್4ರ ರೈಜೆನ್ 5 5600, ಬಿ550 ಬೋರ್ಡ್, 16 ಜಿಬಿ ಡಿಡಿಆರ್4 ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಆರ್‌ಎಕ್ಸ್ 6600 ಅಥವಾ ಆರ್‌ಎಕ್ಸ್ 7600 ನೋಡಿ, ಎರಡೂ 8 ಜಿಬಿಯ ಕಾರ್ಡು, 1080ಪಿಗೆ ಸಾಕು. ಮುಂದೆ ಎಂಟು ಕೋರಿನ 5700ಎಕ್ಸ್ ಅದೇ ಬೋರ್ಡಿಗೆ ಕೂರುತ್ತದೆ. ಬಿ550ಯೇ ಬೇಕು, ಎ520 ಆಗದು. ಈ ಕಾರ್ಡುಗಳಿಗೆ ಡೇಟಾ ಹೋಗುವ ದಾರಿ, ಅಂದರೆ ಲೇನು, ಎಂಟೇ. ಎ520ಯ ಹಳೆಯ ಪಿಸಿಐಇ 3 ಸ್ಲಾಟಿನಲ್ಲಿ ಹಾಕಿದರೆ ಅದರ ವೇಗ ಅರ್ಧ ಆಗುತ್ತದೆ.

ನಾಳೆ ಎಎಮ್5ಗೆ ಹೋಗುವುದಾದರೂ ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಮ್‌ಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ), ಕ್ಯಾಬಿನೆಟ್ ನಾಲ್ಕೂ ಜೊತೆಗೆ ಬರುತ್ತವೆ. ಹೋಗುವುದು ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮಾತ್ರ, ಅದನ್ನೂ ಮಾರಬಹುದು.

ಸೆಕೆಂಡ್‌ಹ್ಯಾಂಡ್ ಕಾರ್ಡ್ ನೋಡುವುದಾದರೆ ಜಿಟಿಎಕ್ಸ್ 1060, 1070 ಬಿಡಿ. ಹೊಸ ಆಟಗಳಿಗೆ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿನಲ್ಲೇ ನಿಲ್ಲಿಸಿದೆ.

ಪೆರ್ಲದ ಪ್ಲೇಯರ್:
ಇಬ್ಬರು ಹೇಳುವುದೂ ಸರಿ ಅನಿಸುತ್ತದೆ, ಅದೇ ಕಷ್ಟ. ನಾನು ನೂರರಲ್ಲಿ ತೊಂಬತ್ತು ಪಾಲು ವ್ಯಾಲರಂಟೇ ಆಡುವುದು, ಎಲ್ಡೆನ್ ರಿಂಗ್ ಒಂದು ವರ್ಷ ಕಾಯಬಹುದು. ಕಾರ್ಡ್ ಇಲ್ಲದೆ ಶುರು ಮಾಡುವುದಾದರೆ ರೈಜೆನ್ 5 8600ಜಿ ಪ್ರೊಸೆಸರ್ ಒಳ್ಳೆಯದು ಅಂತ ಫ್ರೆಂಡ್ ಹೇಳಿದ. ಅದರ ಗ್ರಾಫಿಕ್ಸ್ ದೊಡ್ಡದಂತೆ. ರ್‍ಯಾಮ್ 8ರ ಎರಡು ಹಾಕುವುದಾ, 16ರ ಒಂದಾ?

ಉಪ್ಪಳ 1080ಪಿ:
ಕಾರ್ಡ್ ಹಾಕುವ ಯೋಚನೆಯೇ ಇಲ್ಲದಿದ್ದರೆ 8600ಜಿ ಅಂತಲೇ ಹೇಳುತ್ತಿದ್ದೆ. ನಿಮಗೆ ಕಾರ್ಡ್ ಬರುವುದು ಖಂಡಿತ, ಆಗ ಅದೇ ಅಡ್ಡ ಬರುತ್ತದೆ. 8600ಜಿಯ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗಿನ ವೇಗದ ಮೆಮರಿ) 16 ಎಮ್‌ಬಿ, 7600ರದ್ದು 32. ಆಟಗಳಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ, ಅದೂ ವ್ಯಾಲರಂಟಿನಂಥ ಪ್ರೊಸೆಸರ್ ತಿನ್ನುವ ಆಟದಲ್ಲಿ ಜಾಸ್ತಿ. ಕಾರ್ಡಿಗೆ ಅದು ಕೊಡುವುದೂ ಎಂಟೇ ಲೇನು. 7600 ಇರಲಿ.

ರ್‍ಯಾಮ್ ವಿಷಯದಲ್ಲಿ, ಎರಡು ಸ್ಟಿಕ್ ಇದ್ದರೆ ಒಳಗಿನ ಗ್ರಾಫಿಕ್ಸ್ ಚೆನ್ನಾಗಿ ಓಡುತ್ತದೆ, ಅದು ನಿಜ. ಆದರೂ 16ರ ಒಂದೇ ತೆಗೆದುಕೊಳ್ಳಿ. ಈಗ ಸ್ವಲ್ಪ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮು) ಹೋಗುತ್ತದೆ, ಆದರೆ ಮುಂದೆ ಅದೇ ಮಾಡೆಲಿನ ಇನ್ನೊಂದು ಹಾಕಿದರೆ 32 ಆಯಿತು. 8ರ ಎರಡು ಹಾಕಿದರೆ ಮುಂದೆ ಎರಡನ್ನೂ ಮಾರಬೇಕು, ಇಲ್ಲದಿದ್ದರೆ ನಾಲ್ಕು ಸ್ಟಿಕ್ ಆಗುತ್ತದೆ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಸ್ಪೀಡ್ ಇಳಿಯುತ್ತದೆ. ಮತ್ತೆ 6000 ಸ್ಪೀಡಿನ ರ್‍ಯಾಮ್ ತಂದು ಸುಮ್ನೆ ಹಾಕಿ ಬಿಡಬೇಡಿ. ಬಯೋಸಿಗೆ ಹೋಗಿ ಪೂರ್ತಿ ಸ್ಪೀಡ್ ಕೊಡುವ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಬೇಕು, ಇಲ್ಲದಿದ್ದರೆ 4800ರಲ್ಲೇ ಓಡುತ್ತಾ ಇರುತ್ತದೆ. ಎಷ್ಟೋ ಮಂದಿ ವರ್ಷಗಟ್ಟಲೆ ಹಾಗೆಯೇ ಆಡುತ್ತಾರೆ ಮಾರಾಯ್ರೆ, ನೋಡುವಾಗ ಬೇಜಾರಾಗುತ್ತದೆ.

ಹಳೆಯ ಪಿಸಿಯಲ್ಲಿ ಸಾಟಾ ಎಸ್‌ಎಸ್‌ಡಿ ಇದ್ದರೆ ಬಿಚ್ಚಿ ಇದಕ್ಕೆ ಹಾಕಿ. ಆಗ ಹೊಸ ಎನ್‌ವಿಎಮ್‌ಇ (ಬೋರ್ಡಿಗೇ ನೇರ ಕೂರುವ ಎಸ್‌ಎಸ್‌ಡಿ) 500 ಜಿಬಿಯದ್ದು ಸದ್ಯಕ್ಕೆ ನಡೆಯುತ್ತದೆ, ಬಿ650ಯಲ್ಲಿ ಸಾಮಾನ್ಯವಾಗಿ ಇನ್ನೊಂದಕ್ಕೆ ಜಾಗ ಇರುತ್ತದೆ. ಹಳೆಯ ಎಸ್‌ಎಮ್‌ಪಿಎಸ್ ಮಾತ್ರ ಇದಕ್ಕೆ ಹಾಕಬೇಡಿ.

ಮುಳ್ಳೇರಿಯ ವೋಲ್ಟ್:
ಕರೆಂಟಿನ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ. ಎಸ್‌ಎಮ್‌ಪಿಎಸ್ 650 ವ್ಯಾಟಿನದ್ದು ಈಗಲೇ ಹಾಕಿ, ಕಾರ್ಡ್ ಬರುವಾಗ ಮತ್ತೆ ಖರ್ಚು ಬೇಡ. 80 ಪ್ಲಸ್ ಬ್ರಾನ್ಜ್ ಅಂತ ಡಬ್ಬಿಯಲ್ಲಿ ಇದ್ದ ಕೂಡಲೇ ಒಳ್ಳೆಯದು ಅಂತಲ್ಲ, ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಮಾತ್ರ. ಐದು ವರ್ಷ ವಾರಂಟಿ ಇರುವುದನ್ನು ನೋಡಿ. ಕ್ಯಾಬಿನೆಟ್ ಜೊತೆ ಫ್ರೀ ಅಂತ ಕೊಡುವ ಎಸ್‌ಎಮ್‌ಪಿಎಸ್ ಬೇಡವೇ ಬೇಡ.

ಯುಪಿಎಸ್ 600 ವಿಎಯದ್ದು ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಈಗ ಸಾಕು, ಕಾರ್ಡ್ ಬಂದ ಮೇಲೆ ಅಂಚಿಗೆ ಬರುತ್ತದೆ. ಆಗುವುದಾದರೆ 1000 ವಿಎ ತೆಗೆದುಕೊಳ್ಳಿ. ಅದಕ್ಕೆ ಮೊದಲು ಇಲೆಕ್ಟ್ರಿಷಿಯನ್ ಕರೆದು ಆ ಕೋಣೆಯ ಪ್ಲಗ್‌ಪಾಯಿಂಟಿಗೆ ಅರ್ತಿಂಗ್ ಸರಿ ಬರುತ್ತದಾ ನೋಡಿಸಿ. ಅರ್ತಿಂಗ್ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿ ಲಾಭ ಇಲ್ಲ. ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಸುಮ್ನೆ ಇಡಬೇಡಿ, ದಿನಾ ಸ್ವಲ್ಪ ಹೊತ್ತು ಆನ್ ಆದರೆ ಒಳಗಿನ ಥಂಡಿ ಹೋಗುತ್ತದೆ.

ಮಂಗಳೂರಿಗೆ ಹೋಗಿ ತರುವುದಾದರೆ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ವಾರಂಟಿಗೆ ಕೊಡುವಾಗ ಕೇಳುತ್ತಾರೆ. ಸಿಡಿಲು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ತೆಗೆಯಬೇಕು, ರೌಟರಿನಿಂದ ಬರುವ ಲ್ಯಾನ್ ಕೇಬಲ್ ಸಹ. ರೌಟರಿನ ಅಡಾಪ್ಟರಿಗೆ ಹೊಡೆದದ್ದು ಆ ಕೇಬಲಿನಲ್ಲೇ ಮದರ್‌ಬೋರ್ಡಿಗೆ ಬರುತ್ತದೆ.