‘ಪರಿಸರ ದಕ್ಷತೆ’ ಸರಿಯೇ? ಇವತ್ತೇ ಬೇಕು

ಬದಿಯಡ್ಕದಿಂದ (ಕಾಸರಗೋಡು ಜಿಲ್ಲೆ, ಕೇರಳ):
ನಮಸ್ಕಾರ. ಕೃಷಿ ಮೇಳಕ್ಕೆ ಕನ್ನಡ ಬೋರ್ಡ್ ಬರೆಸಬೇಕು. ಪೇಟೆಯಲ್ಲಿ ಹುಟ್ಟುವ ಹೊಸ ತಂತ್ರಜ್ಞಾನದಿಂದ ಬೇಸಾಯದ ‘ಪಾರಿಸ್ಥಿತಿಕ ಕಾರ್ಯಕ್ಷಮತ’ ಹೇಗೆ ಬದಲಾಗುತ್ತದೆ ಎಂಬುದು ವಿಷಯ. ಮಲಯಾಳ ಬೋರ್ಡಿನಲ್ಲಿ ಹಾಗಿದೆ. ಅದನ್ನು ಕನ್ನಡಕ್ಕೆ ತಂದವರು ‘ನಗರ ನಾವೀನ್ಯತೆ ಮತ್ತು ಕೃಷಿಯ ಪರಿಸ್ಥಿತಿ ಕಾರ್ಯಕ್ಷಮತೆ’ ಎಂದು ಕೊಟ್ಟಿದ್ದಾರೆ. ‘ಪರಿಸರ ದಕ್ಷತೆ’ ಎಂದು ತಿದ್ದಿದರೆ ಸಾಕಾ? ಸಂಜೆ ಪೇಂಟರ್ ಬರುತ್ತಾರೆ.

ಕುಂಬಳೆಯಿಂದ:
ಮೊದಲು ‘ನಾವೀನ್ಯತೆ’ ಕಿತ್ತುಹಾಕಿ. ನವೀನದಿಂದ ನಾವೀನ್ಯ. ಮೇಲೊಂದು ‘ತೆ’ ಯಾಕೆ? ಸೌಂದರ್ಯತೆ ಅಂತೀರಾ? ‘ಹೊಸತನ’ ಧಾರಾಳ ಸಾಕು. ‘ಪರಿಸ್ಥಿತಿ’ಯಂತೂ ಬೇಡವೇ ಬೇಡ. ಮಲಯಾಳದಲ್ಲಿ ಅದು ಪರಿಸರ. ನಮ್ಮಲ್ಲಿ ‘ಪರಿಸ್ಥಿತಿ ಸರಿಯಿಲ್ಲ’ ಅಂದರೆ ಕೈಯಲ್ಲಿ ದುಡ್ಡಿಲ್ಲ ಎಂದರ್ಥ.

ಪೆರ್ಲದಿಂದ:
ಮಾಷ್ಟ್ರೇ, ‘ತೆ’ ಅತ್ಲಾಗಿರಲಿ. ತೊಡಕಿರುವುದು ದಕ್ಷತೆಯಲ್ಲಿ. ನಮ್ಮ ಜಿಲ್ಲೆಯ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದೂ ದಕ್ಷತೆಯೇ! ಆಳು ಬೇಡ, ಗುಡ್ಡವಿಡೀ ಬೇಗ ಮುಗಿಯುತ್ತಿತ್ತು. 2000ದ ತನಕ ನಡೆಯಿತು. ಊರು ಅನುಭವಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಬೋರ್ಡಿನವರು ಕೇಳುತ್ತಿರುವುದು ಆ ಲೆಕ್ಕವನ್ನೇ. ಅಷ್ಟೇ ಬೆಳೆಗೆ ನೀರು, ಗೊಬ್ಬರ, ಮದ್ದು, ಡೀಸೆಲ್ ಎಷ್ಟು ಕಡಿಮೆ ಸಾಕಾಯಿತು? ಮಣ್ಣಿಗೆ, ತೋಡಿಗೆ ಎಷ್ಟು ಹಾನಿ ತಪ್ಪಿತು? ಅಡಿಕೆ ತೋಟಕ್ಕೆ ಡ್ರಿಪ್ ಹಾಕಿದರೆ ನೀರು ಉಳಿಯುತ್ತದೆ, ಸರಿ. ನೀರು ಉಳಿಯಿತಲ್ಲ ಎಂದು ಗುಡ್ಡ ಕಡಿದು ಇನ್ನೊಂದು ತೋಟ ಮಾಡಿದರೆ ಉಳಿದದ್ದೆಲ್ಲಿ? ಮದ್ದು ಬಿಡುವ ಡ್ರೋನಿಗೂ ಇದೇ ಮಾತು. ಹಾಗಾಗಿ ಹೀಗೆ ಬರೆಸಿ: ‘ಪೇಟೆಯ ಹೊಸ ತಂತ್ರಗಳಿಂದ ಬೇಸಾಯದ ಪರಿಸರ ಹೊರೆ ಇಳಿಯುತ್ತದೆಯೇ?’

ಮಂಜೇಶ್ವರದಿಂದ:
‘ತಂತ್ರ’, ‘ಪರಿಸರ’ ಎರಡೂ ಸಂಸ್ಕೃತದ ಸಾಲ. ‘ಹೊಸ ಬಗೆ’, ‘ಸುತ್ತಣ’ ಎನ್ನಿ.

ಕುಂಬಳೆಯಿಂದ:
‘ಸುತ್ತಣ ಹೊರೆ’ ಅಂದರೆ ತಲೆಗೆ ಸುತ್ತಿಕೊಳ್ಳುವ ಮುಂಡಾಸೇ? ಓದುವವರು ತೋಟದವರು, ನಿಘಂಟು ಹಿಡಿದು ಬರುವುದಿಲ್ಲ.

ಮಂಜೇಶ್ವರದಿಂದ:
ಮಲಯಾಳದ ‘ಪರಿಸ್ಥಿತಿ’ಯನ್ನು ಓಡಿಸಿದವರು ಸಂಸ್ಕೃತಕ್ಕೆ ಮಣೆ ಹಾಕುತ್ತೀರಿ. ಚೆನ್ನಾಗಿದೆ ನ್ಯಾಯ.

ಪೆರ್ಲದಿಂದ:
ಓಡಿಸಿದ್ದು ಅರ್ಥ ಕೆಡುತ್ತದೆ ಎಂದು, ಮಲಯಾಳ ಎಂದಲ್ಲ. ಬೋರ್ಡೋ ದ್ರಾವಣದ ‘ಬೋರ್ಡೋ’ ಫ್ರಾನ್ಸಿನ ಒಂದು ಪೇಟೆಯ ಹೆಸರು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಿಡುವಾಗ ಕನ್ನಡ ಪದ ಬೇಕೆಂದು ನೀವು ಕೇಳಿದ್ದುಂಟಾ?