ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಪೈಥಾನ್ 3.8: ಬೆಂಬಲ ಮುಗಿದ ಮೇಲೂ ಮುಂದುವರಿಸಬಹುದೇ?

ಪ್ರಶ್ನೆ (ಸಿಂಧನೂರು)

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರಿನ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ. ಭತ್ತದ ಲಾರಿ ವೇಬ್ರಿಡ್ಜ್ ಮೇಲೆ ನಿಂತಾಗ ಸೀರಿಯಲ್ ಕೇಬಲ್ ಮೂಲಕ ಬರುವ ತೂಕವನ್ನು ಓದಿ, ಖಾಲಿ ಲಾರಿಯ ತೂಕ ಕಳೆದು, ರೈತರಿಗೆ ಚೀಟಿ ಮುದ್ರಿಸಿಕೊಡುವ ಪ್ರೋಗ್ರಾಮನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇನೆ. ಆ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7 ಮತ್ತು ಪೈಥಾನ್ 3.8.10. 3.8ರ ಬೆಂಬಲ (ದೋಷ ತಿದ್ದುವ ಹೊಸ ಬಿಡುಗಡೆಗಳು) 2024ರ ಅಕ್ಟೋಬರ್‌ನಲ್ಲಿ ಮುಗಿದಿದೆ ಎಂದು ತಿಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಏಕೆಂದರೆ ಆ ಚೀಟಿಯ ಅಂಕಿಯೇ ರೈತರ ಕೈಗೆ ಹಣವಾಗಿ ಸೇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ 3.12 ಹಾಕಿ ನೋಡಿದರೆ, ಡಿಸ್ಟ್‌ಯುಟಿಲ್ಸ್ ಮಾಡ್ಯೂಲ್ (ಪೈಥಾನ್ ಜೊತೆಗೇ ಬರುತ್ತಿದ್ದ ಒಂದು ಸಿದ್ಧ ಭಾಗ) ಇಲ್ಲವೆಂದು ಪ್ರೋಗ್ರಾಮ್ ಆರಂಭದಲ್ಲೇ ನಿಂತಿತು. ಹಳೆಯ ಪೈಥಾನ್ 2.7ಕ್ಕೆ ಮಾಡಿದಂತೆ 3.8ಕ್ಕೂ ಅವಧಿ ವಿಸ್ತರಿಸುವ ಸಾಧ್ಯತೆ ಇದೆಯೇ?

ಉತ್ತರ (ಬಳ್ಳಾರಿ)

ವಿಸ್ತರಣೆಯ ನಿರೀಕ್ಷೆ ಬೇಡ. 2.7ರ ಅವಧಿಯನ್ನು 2015ರಿಂದ 2020ಕ್ಕೆ ಮುಂದೂಡಿದ್ದು, ಎರಡರಿಂದ ಮೂರಕ್ಕೆ ಹೋಗುವಾಗ ಭಾಷೆಯೇ ಬದಲಾಗಿದ್ದರಿಂದ. 3.9ರಿಂದ ಈಚೆಗೆ ಪ್ರತಿ ಅಕ್ಟೋಬರ್‌ನಲ್ಲಿ ಒಂದು ಹೊಸ ಆವೃತ್ತಿ ಬರುತ್ತದೆ, ಒಂದೊಂದಕ್ಕೂ ಸುಮಾರು ಐದು ವರ್ಷ ಆಯುಷ್ಯ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು 3.8.10 ಎಂಬ ಸಂಖ್ಯೆ. ಐದು ವರ್ಷದ ಅವಧಿಯಲ್ಲಿ ಎಲ್ಲ ಬಗೆಯ ದೋಷಗಳನ್ನೂ ಸರಿಪಡಿಸುವುದು ಮೊದಲ ಹಂತದಲ್ಲಿ ಮಾತ್ರ. 3.12ರವರೆಗೆ ಅದು ಸುಮಾರು ಒಂದೂವರೆ ವರ್ಷವಿತ್ತು, 3.13ರಿಂದ ಎರಡು ವರ್ಷವಾಗಿದೆ. ಆಮೇಲಿನ ಭದ್ರತಾ ಹಂತದಲ್ಲಿ ತಿದ್ದುಪಡಿಗಳು ಮೂಲ ಸಂಕೇತದ ರೂಪದಲ್ಲಷ್ಟೇ ಬರುತ್ತವೆ. ವಿಂಡೋಸ್‌ಗೆ ಇನ್‌ಸ್ಟಾಲರ್ ಕೊಡುವುದಿಲ್ಲ. 3.8ಕ್ಕೆ ಕೊನೆಯ ಇನ್‌ಸ್ಟಾಲರ್ ಬಂದದ್ದು 2021ರ ಮೇ ತಿಂಗಳಲ್ಲಿ, ಅದೇ 3.8.10. ನಂತರ 3.8.20ರವರೆಗೆ ಬಂದ ತಿದ್ದುಪಡಿಗಳಲ್ಲಿ ಒಂದೂ ನಿಮ್ಮ ಯಂತ್ರವನ್ನು ತಲುಪಿಲ್ಲ. ಕಾಗದದ ಮೇಲೆ ಬೆಂಬಲ 2024ರವರೆಗೆ ಇದ್ದರೂ ನಿಮ್ಮ ಪಾಲಿಗೆ ಅದು 2021ರಲ್ಲೇ ನಿಂತುಹೋಗಿತ್ತು. ಅದರ ಜೊತೆ ಬಂದ ಓಪನ್‌ಎಸ್‌ಎಸ್‌ಎಲ್ (ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಿಂದ ಭದ್ರಪಡಿಸುವ ತಂತ್ರಾಂಶ) 1.1.1ರ ಸಾರ್ವಜನಿಕ ಬೆಂಬಲವೂ 2023ರ ಸೆಪ್ಟೆಂಬರ್‌ನಲ್ಲಿ ಮುಗಿದಿದೆ. ಈ ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ, ನಾನೂ ತಡವಾಗಿಯೇ ತಿಳಿದುಕೊಂಡೆ.

ಅದೇ ಯಂತ್ರದಲ್ಲಿ 3.9 ಹಾಕಲು ಬರುವುದಿಲ್ಲ, ಏಕೆಂದರೆ ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಆವೃತ್ತಿ 3.8. ಆದ್ದರಿಂದ ಮೊದಲು ಬದಲಾಗಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಡಿಸ್ಟ್‌ಯುಟಿಲ್ಸ್ ಅನ್ನು 3.12ರಲ್ಲಿ ತೆಗೆದುಹಾಕಲಾಗಿದೆ. ನೀವು ಅದರಿಂದ ಬಳಸುತ್ತಿರುವುದು ಸೆಟ್ಟಿಂಗ್ ಫೈಲಿನ ಹೌದು–ಅಲ್ಲಗಳನ್ನು ಓದುವ ಸ್ಟ್ರ್‌ಟುಬೂಲ್ ಮಾತ್ರವಾಗಿದ್ದರೆ, ಆ ಕೆಲಸಕ್ಕೆ ನಾಲ್ಕು ಸಾಲಿನ ಫಂಕ್ಷನ್ ನೀವೇ ಬರೆದುಕೊಳ್ಳಬಹುದು.

ಉತ್ತರ (ಗಂಗಾವತಿ)

ಮೇಲಿನ ಮಾಹಿತಿ ಸರಿಯಾಗಿದೆ, ಆದರೆ ಅವಸರಪಡುವುದನ್ನು ನಾನು ಒಪ್ಪುವುದಿಲ್ಲ. ಬೆಂಬಲ ಮುಗಿಯಿತೆಂದ ಮಾತ್ರಕ್ಕೆ ವ್ಯವಕಲನ ತಪ್ಪುವುದಿಲ್ಲ. ನಿನ್ನೆ ಸರಿಯಾಗಿ ಬಂದ ತೂಕ ಇಂದೂ ಸರಿಯಾಗಿಯೇ ಬರುತ್ತದೆ. ಅಪಾಯವಿರುವುದು ಹೊರಗಿನಿಂದ ಒಳಬರುವ ದಾರಿಯಲ್ಲಿ. ಆ ಕಂಪ್ಯೂಟರಿಗೆ ಇಂಟರ್ನೆಟ್ ಇದೆಯೇ, ಅದಕ್ಕೆ ಯಾರು ಯಾರು ಪೆನ್ ಡ್ರೈವ್ ಹಾಕುತ್ತಾರೆ ಎಂಬುದನ್ನು ಮೊದಲು ನೋಡಿ. ಸಂಪರ್ಕವೇ ಇಲ್ಲದಿದ್ದರೆ ಈ ಸುಗ್ಗಿ ಮುಗಿಯುವವರೆಗೆ ಮುಟ್ಟಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವಾಗ ಗೇಟಿನಲ್ಲಿ ಲಾರಿಗಳ ಸಾಲು ಇರುವುದಿಲ್ಲ, ಕೆಲಸಕ್ಕೆ ಅದೇ ಸಮಯ.

ಹಳೆಯ ಯಂತ್ರವನ್ನೇ ಉಳಿಸಿಕೊಳ್ಳುವುದಾದರೆ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಯೋಚಿಸಿ. ಅದರಲ್ಲಿರುವುದು ಪೈಥಾನ್ 3.11, ಮತ್ತು ಡೆಬಿಯನ್‌ನ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಇದೆ. ಪೈಥಾನ್ ತಂಡ 3.11ನ್ನು 2027ರ ಅಕ್ಟೋಬರ್‌ನಲ್ಲಿ ಕೈಬಿಟ್ಟ ಮೇಲೂ ಭದ್ರತಾ ತಿದ್ದುಪಡಿಗಳನ್ನು ಡೆಬಿಯನ್‌ನವರೇ ಹಾಕುತ್ತಾರೆ, ಮೂಲ ಸಂಕೇತವನ್ನು ನೀವೇ ಸಂಕಲಿಸಿಕೊಳ್ಳುವ (ಕಂಪೈಲ್ ಮಾಡುವ) ಅಗತ್ಯವಿಲ್ಲ. ಪ್ರೋಗ್ರಾಮಿನಲ್ಲಿ ಕಾಮ್1 (ವಿಂಡೋಸ್‌ನಲ್ಲಿ ಸೀರಿಯಲ್ ಪೋರ್ಟಿನ ಹೆಸರು) ಎಂದು ಬರೆದ ಕಡೆ ಲಿನಕ್ಸ್‌ನ ಪೋರ್ಟ್ ಹೆಸರು ಹಾಕಬೇಕು. ಬಳಕೆದಾರರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸುವುದನ್ನು ಮರೆತರೆ ಪೋರ್ಟ್ ತೆರೆಯುವುದೇ ಇಲ್ಲ. ಇದೊಂದಕ್ಕೇ ನನಗೆ ಅರ್ಧ ದಿನ ಹಿಡಿದಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೋಗಿ ನೋಡಿದೆ, ಮಾಲೀಕರು ಮೊಬೈಲಿಗೆ ದಿನದ ಲೆಕ್ಕ ಕಳುಹಿಸಲೆಂದು ಇಂಟರ್ನೆಟ್ ಡಾಂಗಲ್ ಹಾಕಿಸಿದ್ದರು. ಅದನ್ನು ಇಂದೇ ತೆಗೆಸಿದ್ದೇನೆ, ಲೆಕ್ಕವನ್ನು ನನ್ನ ಲ್ಯಾಪ್‌ಟಾಪಿನಿಂದ ಕಳುಹಿಸುತ್ತೇನೆ. ಬೇರೊಂದು ಡಿಸ್ಕಿನಲ್ಲಿ ಡೆಬಿಯನ್ ಹಾಕಿ, ಹಳೆಯ ಡಿಸ್ಕನ್ನು ಹಾಗೆಯೇ ಎತ್ತಿಡುತ್ತೇನೆ. ನಾಟಿಯ ಸಮಯದಲ್ಲಿ ಒಂದು ವಾರ ಪ್ರತಿ ಲಾರಿಯ ಚೀಟಿಯನ್ನೂ ತೂಕದ ಯಂತ್ರದ ಪರದೆಯ ಅಂಕಿಯೊಡನೆ ತಾಳೆ ನೋಡಿ, ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.