ಟೆಸ್ಟ್ ಮಾಡಿಸುವುದಾದರೆ ಮಗುವಿಗಲ್ಲ, ಅಜ್ಜಿಗೆ

ಮಗನಿಗೆ ಸ್ಕೂಲಿನಲ್ಲಿ ವಂಶವೃಕ್ಷದ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಡಿಎನ್ಎ ಕಿಟ್ ತರಿಸಲಾ ಅಂತ ಕೇಳಿದ್ದೀರಲ್ಲ, ಎರಡು ವರ್ಷದ ಹಿಂದೆ ನಾವೂ ಇದನ್ನೇ ಮಾಡಿದೆವು. ಮಗಳು ಅರ್ಧ ಗಂಟೆ ಏನೂ ತಿನ್ನದೆ ಕೂತು, ಟ್ಯೂಬಿನ ಗೆರೆ ಮುಟ್ಟುವವರೆಗೆ ಉಗುಳಿ ಉಗುಳಿ ಸುಸ್ತಾದಳು.

ಕಿಟ್ ಕಂಪನಿಯಿಂದ ಬಂದದ್ದು ಒಂದು ಬಣ್ಣದ ನಕ್ಷೆ, ಅದರ ಮೇಲೆ ಪೂರ್ವಜರು ಯಾವ ಕಡೆಯವರು ಎಷ್ಟೆಷ್ಟು ಅನ್ನುವ ಪರ್ಸೆಂಟ್‌ಗಳು. ಕೆಲವು ತಿಂಗಳಾದ ಮೇಲೆ ನೋಡಿದರೆ ಅದೇ ಉಗುಳಿಗೆ ಬೇರೆ ಅಂಕಿ! ಯಾರ ಜೊತೆ ಹೋಲಿಸುತ್ತಾರೋ ಆ ಜನರ ಪಟ್ಟಿ ಬದಲಾದರೆ ಅಂಕಿಯೂ ಬದಲಾಗುತ್ತದಂತೆ. ಅದೆಲ್ಲ ಅಂದಾಜು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕೆಲಸಕ್ಕೆ ಬರುವುದು ನೆಂಟರ ಪಟ್ಟಿ, ಅಂದರೆ ಅಲ್ಲೇ ಟೆಸ್ಟ್ ಮಾಡಿಸಿದವರಲ್ಲಿ ಯಾರ ಡಿಎನ್ಎ ನಮ್ಮದಕ್ಕೆ ಹೊಂದುತ್ತದೋ ಅವರ ಪಟ್ಟಿ. ನಾವು ಎಡವಿದ್ದೂ ಅಲ್ಲೇ. ಮಗುವಿನಲ್ಲಿ ಅಜ್ಜಿಯ ಡಿಎನ್ಎ ಇರುವುದು ಸುಮಾರು 25 ಪರ್ಸೆಂಟ್, ಮುತ್ತಜ್ಜಿಯದು 12.5ರ ಆಸುಪಾಸು. ಉಳಿದದ್ದು ದಾರಿಯಲ್ಲೇ ಉದುರಿಹೋಗಿರುತ್ತದೆ. ಇಬ್ಬರ ಮುತ್ತಜ್ಜಂದಿರಿಗೂ ಅಪ್ಪ-ಅಮ್ಮ ಒಬ್ಬರೇ ಆಗಿರುವಂಥ ದೂರದ ನೆಂಟರಲ್ಲಿ ಸುಮಾರು ಹತ್ತರಲ್ಲೊಂದು ಜೋಡಿಗೆ ಹೊಂದುವ ತುಣುಕೇ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ, ಅವರದು ಮೊದಲು. ಅವರು ಒಪ್ಪಿದರೆ ಮಾತ್ರ.

ಪಟ್ಟಿ ಬಂದರೂ ಎಲ್ಲ ತಿಳಿಯುವುದಿಲ್ಲ. ಯಾರೋ ಒಬ್ಬರ ಜೊತೆ 1,700 ಸೆಂಟಿಮಾರ್ಗನ್ (ಹೊಂದುವ ಡಿಎನ್ಎ ಎಷ್ಟು ಅಂತ ಅಳೆಯುವ ಲೆಕ್ಕ) ಹೊಂದುತ್ತದೆ ಅಂತ ತೋರಿಸಿತು ಅನ್ನಿ. ಅವರು ಅಜ್ಜಿ ಇರಬಹುದು, ಸೋದರತ್ತೆ ಇರಬಹುದು, ಅಪ್ಪನಿಗೆ ಬೇರೆ ಕಡೆ ಹುಟ್ಟಿದ ಮಗುವೂ ಇರಬಹುದು. ಮೂರಕ್ಕೂ ಹೆಚ್ಚುಕಮ್ಮಿ ಅದೇ ಲೆಕ್ಕ. ಒಳಗೊಳಗೇ ಮದುವೆಯಾಗುತ್ತಾ ಬಂದ ಮನೆತನವಾದರೆ ದೂರದವರೂ ಹತ್ತಿರದವರ ಹಾಗೆ ಕಾಣುತ್ತಾರೆ.

ಮಗು ಚಿಕ್ಕದು ಅನ್ನುವುದೂ ನೆನಪಿರಲಿ. ಈ ಮಾಹಿತಿ ಒಬ್ಬರದಾಗಿ ಉಳಿಯುವುದಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಹಳೇ ಸರಣಿ ಕೊಲೆಗಾರ ಸಿಕ್ಕಿಬಿದ್ದದ್ದು ಅವನ ದೂರದ ನೆಂಟರ ಡಿಎನ್ಎಯಿಂದ. ಅವನು ಸಿಕ್ಕಿದ್ದು ಒಳ್ಳೆಯದೇ. ಆದರೆ ಟೆಸ್ಟಿಗೆ ಒಪ್ಪಿಗೆ ಅಂತ ನಾವು ಹಾಕಿದ ಸಹಿ ಇನ್ನೆಷ್ಟು ಜನಕ್ಕೆ ತಗುಲುತ್ತದೆ ನೋಡಿ. ನಾನಂತೂ ಈಗಾದರೆ ಮಗಳಿಗೆ 18 ಆಗುವವರೆಗೆ ಕಾಯುತ್ತಿದ್ದೆ.

ಕೊನೆಗೆ ಪ್ರಾಜೆಕ್ಟ್ ಮುಗಿದದ್ದು ವಿಡಿಯೊ ಕಾಲ್‌ನಲ್ಲಿ. ನಮ್ಮಮ್ಮ ಬೆರಳು ಮಡಚಿ ಮಡಚಿ ಹೆಸರು ಹೇಳುತ್ತಾ ಹೋದರು, ಮಗಳು ಬರೆಯುತ್ತಾ ಹೋದಳು. ಒಂದು ಕಡೆ ಅಮ್ಮ ನಿಂತುಬಿಟ್ಟರು. "ಅವರನ್ನ ಎಲ್ಲರೂ ದೊಡ್ಡಮ್ಮ ಅಂತಲೇ ಕರೀತಿದ್ರು ಕಣೇ ಪುಟ್ಟಿ. ಹೆಸರು ಕೇಳೇ ಇಲ್ಲ ನಾನು."

ಮಗಳು ಆ ಚೌಕದಲ್ಲಿ ದೊಡ್ಡಮ್ಮ ಅಂತಲೇ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನೆ ಗುರುತು ಹಾಕಿದ್ದಾಳೆ. ಅಮ್ಮನ ಅಕ್ಕನಿಗೆ ಗೊತ್ತಿರಬಹುದು. ಅವರಿಗೀಗ 89. ಈ ಭಾನುವಾರ ಫೋನ್ ಮಾಡಬೇಕು.